ಹಡಗಿನ ಡೆಕ್ಕಿನಲ್ಲಿ ನೆರಳೂ ಬೇಕು, ಎಚ್ಚರವೂ ಬೇಕು

ಒಂದು ಕಾಲದಲ್ಲಿ ಕರಾವಳಿಯ ಕನ್ನಡಿಗರು ಹಡಗಿನ ಡೆಕ್ಕಿನಲ್ಲೇ ಚಾಪೆ ಹಾಸಿ ಮುಂಬಯಿ ಸೇರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಕಾರ್ಡೀಲಿಯಾದ ‘ಎಂಪ್ರೆಸ್’ ವಿಹಾರಯಾನ ಆರಂಭವಾದ ಮೇಲೆ, ಡೆಕ್ ಎಂದರೆ ಒರಗು ಕುರ್ಚಿ, ಈಜುಕೊಳ ಎಂಬಂತಾಗಿದೆ. ಸಂಘದ ಸದಸ್ಯರು ಕುಟುಂಬ ಸಮೇತ ಇಂಥ ಯಾನಕ್ಕೆ ಹೊರಡುವುದು ಸಂತೋಷವೇ. ಆದರೆ ಜಾಹೀರಾತಿನ ನೀಲಿ ಕೊಳಕ್ಕೆ ಮರುಳಾಗಬಾರದು. ಪ್ರಯಾಣಿಕರು ನೂರಾರು, ಕೊಳ ಚಿಕ್ಕದು. ಸಮುದ್ರ ಪ್ರಕ್ಷುಬ್ಧವಾದರೆ ಅದನ್ನೂ ಮುಚ್ಚುತ್ತಾರೆ. ಅರಬ್ಬಿ ಸಮುದ್ರದ ಬಿಸಿಲಿನಲ್ಲಿ ಹಿರಿಯರಿಗೆ ಬೇಕಾದುದು ನೆರಳು. ಮುಂಗಡ ಕಟ್ಟುವ ಮೊದಲೇ ಡೆಕ್‌ನ ನಕ್ಷೆ ಕೇಳಿ ಪಡೆಯಬೇಕು. ನೆರಳಿನ ಆಸನಗಳೆಷ್ಟು, ಮಕ್ಕಳಿಗೆ ಆಳವಿಲ್ಲದ ಕೊಳವಿದೆಯೇ, ಜೀವರಕ್ಷಕರಿದ್ದಾರೆಯೇ ಎಂದು ವಿಚಾರಿಸಬೇಕು. ಅನೇಕ ಹಡಗುಗಳಲ್ಲಿ ಜೀವರಕ್ಷಕರಿರುವುದಿಲ್ಲ. ಮಗುವಿನ ಮೇಲೆ ಕಣ್ಣಿಡುವ ಹೊಣೆ ಹೆತ್ತವರದೇ. ಕೊಳಗಳ ಲೆಕ್ಕಕ್ಕಿಂತ ಈ ಲೆಕ್ಕವೇ ಮುಖ್ಯ.