ಕಟ್ಟುವ ಮನೆಯೂ ಉಣ್ಣುವ ರೊಟ್ಟಿಯೂ

ಸ್ವಂತದ್ದೊಂದು ಭವನ ಬೇಕೆಂಬುದು ಹೊರನಾಡ ಕನ್ನಡ ಸಂಘಗಳೆಲ್ಲದರ ಬಹುಕಾಲದ ಹಂಬಲ. ಬಾರಾಮತಿಯ ನಮ್ಮ ಸಂಘವೂ ಇದಕ್ಕೆ ಹೊರತಲ್ಲ. ಬರಲಿರುವ ಸರ್ವಸಾಧಾರಣ ಸಭೆಯ ಮುಂದೆ ಭವನ ನಿರ್ಮಾಣದ ವಿಷಯ ಬರಲಿದೆ. ನಿಧಿ ಎಷ್ಟು, ನಿವೇಶನ ಎಲ್ಲಿ, ವೇದಿಕೆಗೆ ಯಾರ ಹೆಸರು ಎಂಬ ಚರ್ಚೆ ಈಗಾಗಲೇ ಕಾವೇರಿದೆ. ಆದರೆ ಆ ಭವನವನ್ನು ಯಾವುದರಿಂದ ಕಟ್ಟಬೇಕು, ಅದರೊಳಗೆ ನಡೆಯುವ ರಾಜ್ಯೋತ್ಸವದ ಪಂಕ್ತಿಯಲ್ಲಿ ಏನನ್ನು ಬಡಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಯಾರೂ ಎತ್ತಿದಂತಿಲ್ಲ. ಅವು ಗುತ್ತಿಗೆದಾರರಿಗೂ ಅಡಿಗೆಯವರಿಗೂ ಸೇರಿದ ಸಂಗತಿಗಳೆಂದು ನಾವು ಭಾವಿಸಿದ್ದೇವೆ. ನನ್ನ ಮಟ್ಟಿಗೆ ಅವು ನಮ್ಮ ಕನ್ನಡತನಕ್ಕೇ ಸೇರಿದ ಪ್ರಶ್ನೆಗಳು.

ಬಾರಾಮತಿ ಎಂದೊಡನೆ ಕಬ್ಬಿನ ಹಸಿರು ಕಣ್ಣಿಗೆ ಕಟ್ಟುತ್ತದೆ. ಈ ಹಸಿರಿಗೆ ಒಂದು ಇತಿಹಾಸವಿದೆ. 1876-78ರ ಭೀಕರ ಕ್ಷಾಮ ದಖ್ಖನನ್ನು ನುಂಗಿದ ನಂತರ, 1885ರಲ್ಲಿ ನೀರಾ ಎಡದಂಡೆ ಕಾಲುವೆ ಬಂದಿತು. 1928ರಲ್ಲಿ ಭಾಟಘರದ ದೊಡ್ಡ ಅಣೆಕಟ್ಟು ಅದಕ್ಕೆ ಬಲ ತುಂಬಿತು. ಕಾಲುವೆ ತಲುಪದ ತಾಲೂಕಿನ ಉಳಿದ ಭಾಗ ಇಂದಿಗೂ ಜಿರಾಯತಿ ಭೂಮಿಯೇ. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಇಂಥ ನೆಲದಲ್ಲಿ ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳು ನೀರು ಬೇಡುತ್ತ ನಿಲ್ಲುತ್ತದೆ. ಹಿಂಗಾರಿ ಜೋಳವಾದರೋ ಎರೆಮಣ್ಣಿನಲ್ಲಿ ಇಂಗಿದ ತೇವವನ್ನೇ ಕುಡಿದು ನಾಲ್ಕು ತಿಂಗಳಲ್ಲಿ ಮನೆಗೆ ಕಾಳನ್ನೂ ದನಕ್ಕೆ ಕಣಿಕೆಯನ್ನೂ ಕೊಡುತ್ತದೆ.

ಈ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂಬುದನ್ನು ನಾವು ಅರಿಯಬೇಕು. ಜೇಜುರಿಯ ಕಡೆಯಿಂದ ಬರುವ ಕರ್ಹಾ ನದಿ ನೀರೆಯನ್ನು ಕೂಡುತ್ತದೆ. ನೀರೆ ನರಸಿಂಹಪುರದಲ್ಲಿ ಭೀಮೆಯನ್ನು ಸೇರುತ್ತಾಳೆ. ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ಬೇಸಿಗೆ ಬಂದಿತೆಂದರೆ ಭೀಮೆಯ ಪಾತ್ರ ಬತ್ತಿ, ಮೇಲಿನಿಂದ ನೀರು ಬಿಡಿರೆಂಬ ಕೂಗು ಕಲಬುರಗಿಯಿಂದ ಕೇಳಿಬರುತ್ತದೆ. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಆ ದಂಡೆಯಲ್ಲೇ ಇದ್ದಾರೆ. ಮೇಲ್ದಂಡೆಯಲ್ಲಿರುವ ನಾವು ನೀರನ್ನು ಹೇಗೆ ಬಳಸುತ್ತೇವೆಂಬುದು ಅವರ ಪಾಲಿನ ಪ್ರಶ್ನೆಯೂ ಹೌದು.

ಊಟದ ಮಾತಿಗೆ ಬರೋಣ. ಊರ ರುಚಿಗಾಗಿ ನಾವು ನೂರಾರು ಮೈಲಿ ದೂರದಿಂದ ಅಕ್ಕಿ, ತೆಂಗು, ಹಪ್ಪಳಗಳನ್ನು ತರಿಸುತ್ತೇವೆ. ಇದರ ಹಿಂದಿನ ಮಮತೆ ನನಗೆ ಅರ್ಥವಾಗುತ್ತದೆ. ಆದರೆ ಈ ನೆಲದ ಊಟ ನಮಗೆ ಪರಕೀಯವೇ? ನಮ್ಮ ರೊಟ್ಟಿ ಇಲ್ಲಿ ಭಾಕರಿ, ಪುಂಡಿಪಲ್ಯ ಅಂಬಾಡಿ, ನಮ್ಮ ಜುಣಕ ಝುಣಕಾ ಎಂಬ ಹೆಸರಿನಲ್ಲೇ ಇದೆ, ಎಣ್ಣೆಗಾಯಿ ಬದನೆಗೆ ಹೆಸರೊಂದೇ ಬೇರೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ಆಯ್ದು ತೆಗೆದ ಎಂ. 35-1 ಎಂಬ ಮಾಲದಂಡಿ ಜೋಳ ವಿಜಯಪುರದ ಎರೆಹೊಲಗಳಲ್ಲೂ ನೆಲೆನಿಂತಿದೆ. ನಾವು ಹಗೇವು ಎನ್ನುವ ನೆಲದೊಳಗಿನ ಕಣಜ ಇಲ್ಲಿ ಪೇವ. ಭಾಷೆಗಳ ನಡುವೆ ಗೆರೆ ಎಳೆಯಬಹುದು, ಜೋಳದ ಹೊಲಕ್ಕೆ ಆ ಗೆರೆ ಕಾಣುವುದಿಲ್ಲ. ಮೈಸೂರಿನವರು ಮುದ್ದೆಯನ್ನೂ ಮಂಗಳೂರಿನವರು ಕುಚ್ಚಲಕ್ಕಿಯನ್ನೂ ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ಸಂಘದ ಪಂಕ್ತಿಯಲ್ಲಿ ಮೊದಲ ತುತ್ತು ಈ ತಾಲೂಕಿನ ಜಿರಾಯತಿ ರೈತನದ್ದಾಗಿರಲಿ ಎಂಬುದಷ್ಟೇ ನನ್ನ ಬಿನ್ನಹ.

ರೊಟ್ಟಿ ಬಡಿಯುವ ಕೈಗಳ ಮಾತೂ ಇಲ್ಲಿ ಬರಬೇಕು. ಮುನ್ನೂರು ಜನರಿಗೆ ರೊಟ್ಟಿ ಎಂದರೆ ಹೆಂಗಸರು ಬೆಳಗಿನಿಂದ ಒಲೆಯ ಮುಂದೆ ಬೇಯಬೇಕು. ಜೋಳ ನಮ್ಮ ಮನೆಗಳಿಂದ ಹಿಂದೆ ಸರಿಯಲು ಪಡಿತರದ ಅಕ್ಕಿ ಗೋದಿಗಳಷ್ಟೇ ಈ ದುಡಿಮೆಯೂ ಕಾರಣ. ಆದ್ದರಿಂದ ಸದಸ್ಯರ ಮನೆಯ ಹೆಂಗಸರ ಮೇಲೆ ಈ ಭಾರ ಹೊರಿಸದೆ, ಸ್ಥಳೀಯ ಮಹಿಳಾ ಬಚತ ಗಟಗಳಿಗೆ ಯೋಗ್ಯ ಕೂಲಿ ಕೊಟ್ಟು ರೊಟ್ಟಿ ಮಾಡಿಸಬೇಕು. ಹಾಗಾಗದಿದ್ದರೆ ನಮ್ಮ ದೇಸಿ ಊಟದ ಅಭಿಮಾನಕ್ಕೆ ಇನ್ನೊಬ್ಬರು ಬೆವರು ಸುರಿಸಿದಂತಾಗುತ್ತದೆ.

ಇನ್ನು ಕಟ್ಟಡ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಸಿಮೆಂಟಿನದೆಂದು ಅಂದಾಜು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲೂ ಇಂದು ಸುಣ್ಣದ ಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಯಿದೆ. ಮೇಲಾಗಿ, ನಲವತ್ತು ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ತೆಳುಗೋಡೆಯ ಕಾಂಕ್ರೀಟು ಮನೆ ಹಗಲು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಕಕ್ಕುತ್ತದೆ. ನಮ್ಮ ಹಿರಿಯರ ಮೇಲ್ಮುದ್ದೆಯ ಮನೆಗಳು ದಪ್ಪ ಗೋಡೆ, ಬೆಳಕಿಂಡಿಗಳಿಂದ ತಂಪಾಗಿದ್ದವು.

ಆದರೆ ಹಳೆಯದನ್ನು ಹಾಗೆಯೇ ಕಟ್ಟೋಣವೆನ್ನಲು ನನಗೆ ಧೈರ್ಯವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಸಾವಿರಾರು ಜನರನ್ನು ನಿದ್ದೆಯಲ್ಲೇ ಬಲಿತೆಗೆದುಕೊಂಡಿತು. ಕೆಸರಿನಲ್ಲಿ ಕೂರಿಸಿದ ಗುಂಡುಕಲ್ಲಿನ ಗೋಡೆಗಳೂ ಅವುಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆಯೂ ಕುಸಿದವು. ಅಂದಿನಿಂದ ಕಲ್ಲುಮಣ್ಣಿನ ಮನೆಯೆಂದರೆ ಜನ ಹೆದರುತ್ತಾರೆ. ಆ ಹೆದರಿಕೆ ನ್ಯಾಯವಾದುದೇ. ತಪ್ಪು ಮಾತ್ರ ಕಲ್ಲಿನದಾಗಿರಲಿಲ್ಲ, ಕಟ್ಟಿದ ರೀತಿಯದಾಗಿತ್ತು. ಗೋಡೆಯ ಎರಡೂ ಮೈಗಳನ್ನು ಬೆಸೆಯುವ ಅಡ್ಡಗಲ್ಲು, ಬಾಗಿಲ ಮೇಲೆಯೂ ಸೂರಿನ ಕೆಳಗೂ ಸುತ್ತುವರಿದ ಕಬ್ಬಿಣ-ಕಾಂಕ್ರೀಟಿನ ಪಟ್ಟಿ, ಹಗುರವಾದ ಸೂರು: ಇವು ಪ್ರಾಣ ಕಾಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವೂ, ಅಲ್ಲಿ ದುಡಿದ ಕೆ. ಎಸ್. ಜಗದೀಶ್ ಅವರೂ ತೋರಿದ ದಾರಿ ನಮ್ಮ ಮುಂದಿದೆ. ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ, ಕೆಲವು ವಾರ ನೀರುಣಿಸಿದರೆ ಗಟ್ಟಿ ಇಟ್ಟಿಗೆ ಸಿದ್ಧವಾಗುತ್ತದೆ. ಉಬ್ಬಿ ಬಿರಿಯುವ ಎರೆಮಣ್ಣು ಇದಕ್ಕೆ ಒಗ್ಗದು. ಮೊರಮು ಬೆರೆತ ಮಣ್ಣು ಬೇಕು.

ಸಭೆಯ ಮುಂದೆ ನನ್ನ ಸೂಚನೆಗಳು ಮೂರು. ಭವನದ ಗೋಡೆಗಳು ಇಲ್ಲಿನ ಕರಿಗಲ್ಲು ಮತ್ತು ಒತ್ತಿದ ಮಣ್ಣಿನಿಟ್ಟಿಗೆಯವಾಗಿರಲಿ. ಅದರ ನಕ್ಷೆಯನ್ನು ಭೂಕಂಪದ ನಿಯಮ ಬಲ್ಲ ಎಂಜಿನಿಯರರೇ ಮಾಡಲಿ. ಸೂರಿನ ನೀರು ತೊಟ್ಟಿಗೆ ಇಳಿಯಲಿ; ಎರಡು ಸಾವಿರ ಚದರ ಅಡಿಯ ಮಾಳಿಗೆಯಿಂದ ಇಲ್ಲಿನ ಮಳೆಯಲ್ಲೂ ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರಿನಷ್ಟು ಹಿಡಿಯಬಹುದು. ಮೂರನೆಯದಾಗಿ, ಸಂಘದ ವಾರ್ಷಿಕ ಊಟದ ಜೋಳ, ಬೇಳೆ, ಕಾಯಿಪಲ್ಯಗಳನ್ನು ಜಿರಾಯತಿ ಹಳ್ಳಿಗಳ ರೈತರಿಂದ ನೇರವಾಗಿ, ಸುಗ್ಗಿಯಲ್ಲೇ ಬೆಲೆ ಗೊತ್ತುಮಾಡಿ ಕೊಳ್ಳೋಣ.

ಇವುಗಳಿಂದ ಖರ್ಚು ತುಸು ಹೆಚ್ಚಿದರೂ ಹೆಚ್ಚಬಹುದು. ಒಂದು ವರ್ಷ ತಡವೂ ಆಗಬಹುದು. ಭಿನ್ನಾಭಿಪ್ರಾಯವುಳ್ಳವರು ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅವಶ್ಯವಾಗಿ ಪ್ರಕಟಿಸುತ್ತೇವೆ. ಅನ್ನ ಕೊಟ್ಟ ನೆಲದ ಋಣ ನಮ್ಮ ಮೇಲಿದೆ. ಅದನ್ನು ಭಾಷಣದಲ್ಲಿ ನೆನೆಯುವುದಕ್ಕಿಂತ ಅಡಿಪಾಯದ ಗುದ್ದಲಿಪೂಜೆಗೆ ಮುನ್ನವೇ ಲೆಕ್ಕಕ್ಕೆ ಹಿಡಿಯುವುದು ಲೇಸು.