ಪಂಜೆಯವರ ಪದ್ಯವೂ ನಮ್ಮ ಶಾಲೆಗಳೂ

ಶಿಶುಗೀತವೆಂದರೆ ಅಲ್ಪವಾದ ವಸ್ತು, ಮಹಾಕಾವ್ಯಕ್ಕೆ ಕೈ ನಿಲುಕದವರು ಮಾಡತಕ್ಕ ಕೆಲಸ, ಎಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ ಇಂದಿಗೂ ಉಂಟು. ‘ಕವಿಶಿಷ್ಯ’ರೆಂದು ತಮ್ಮನ್ನು ಕರೆದುಕೊಂಡ ಪಂಜೆ ಮಂಗೇಶರಾಯರ ಜೀವಿತವನ್ನು ನೋಡಿದವರು ಈ ಮಾತನ್ನು ಆಡಲಾರರು.

1874ರಲ್ಲಿ ಬಂಟವಾಳದಲ್ಲಿ ಜನಿಸಿದ ರಾಯರ ಮನೆಮಾತು ಕೊಂಕಣಿ; ನೆರೆಹೊರೆಯ ಮಾತು ತುಳು; ಅವರು ಬರೆದುದು ಕನ್ನಡ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಬಳಿಕ ಶಾಲೆಗಳ ತನಿಖಾಧಿಕಾರಿಗಳಾಗಿ, ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ‘ಸುವಾಸಿನಿ’ ಪತ್ರಿಕೆಯಲ್ಲಿ ಬರೆದು ಕನ್ನಡದ ಸಣ್ಣಕತೆಗೆ ದಾರಿ ತೋರಿದರು. ತುಳುವರ ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲದ ಸ್ಥಾಪನೆಗೆ ಕಾರಣರಾದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದರು. ವ್ಯಾಕರಣದ ಸೂತ್ರಗಳನ್ನು ಶೋಧಿಸಿದ ಆ ಕಣ್ಣೇ ಮಗುವಿನ ನಾಲಗೆಗೆ ಒಗ್ಗುವ ಮಾತನ್ನು ಆರಿಸಿತು. ಬಾಲಪದ್ಯವನ್ನು ಅಲ್ಪವೆನ್ನುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಗುವಿನ ಪದ್ಯದಲ್ಲಿ ಅರ್ಥ ತೊಡಕಾದರೆ ಟೀಕೆ ಬರೆಯುವವರಿಲ್ಲ. ತಾಳ ತಪ್ಪಿದರೆ ಮಗುವು ಅಲ್ಲಿಯೇ ಬಿಟ್ಟು ಆಟಕ್ಕೆ ಓಡುತ್ತದೆ. ಅದಕ್ಕಿಂತ ನಿಷ್ಠುರನಾದ ವಿಮರ್ಶಕನಿಲ್ಲ.

ಇನ್ನೊಂದು ಸಂಗತಿಯುಂಟು. ರಾಯರ ಕಾಲದಲ್ಲಿ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿತ್ತು; ಕೊಡಗು ಪ್ರತ್ಯೇಕ ಪ್ರಾಂತವಾಗಿತ್ತು; ರಾಯಚೂರು ನಿಜಾಮರ ಆಳಿಕೆಯಲ್ಲಿತ್ತು. ಕರಾವಳಿಯ ಈ ಉಪಾಧ್ಯಾಯರು ಕೊಡವರ ಸುಗ್ಗಿಗೆ ‘ಹುತ್ತರಿ ಹಾಡು’ ಬರೆದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷ ಪೀಠವನ್ನೇರಿದರು. 1937ರಲ್ಲಿ ಹೈದರಾಬಾದಿನಲ್ಲಿ ದೇಹವನ್ನು ಬಿಟ್ಟರು. ರಾಜ್ಯಗಳು ಒಂದಾದುದು 1956ರ ನವೆಂಬರ್ 1ರಂದು. ಅದಕ್ಕೆ ಎಷ್ಟೋ ಮೊದಲು, ಬೇರೆ ಬೇರೆ ಸರಕಾರಗಳ ಕೆಳಗಿದ್ದ ಮಕ್ಕಳು ಒಂದೇ ಹಾಡನ್ನು ಹಾಡಿದರು. ಭಾಷಣಗಳು ದೊಡ್ಡವರನ್ನು ಒಪ್ಪಿಸಬಲ್ಲವು. ಚಿಕ್ಕಂದಿನಲ್ಲಿ ಕಲಿತ ಹಾಡು ಒಪ್ಪಿಸುವ ಅಗತ್ಯವನ್ನೇ ಉಳಿಸುವುದಿಲ್ಲ.

ಈಗಿನ ಅವಸ್ಥೆಯೇನು? ಸ್ವರ್ಣಾ ನದಿಯ ದಡದ ನಮ್ಮ ಕಲ್ಯಾಣಪುರದಂತಹ ಊರುಗಳಲ್ಲಿ ಮಗುವು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತದೆ. ಅನೇಕ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನು ಓದುತ್ತಾರೆ. ಹೀಗಿರುವಾಗ ಕನ್ನಡವು ಅವರಿಗೆ ಸಿಕ್ಕುವುದು ಎಲ್ಲಿ? ತುಳು ಕೊಂಕಣಿಗಳು ಕನ್ನಡಕ್ಕೆ ಅಡ್ಡಿಯೆಂದು ಯಾರೂ ದೂರತಕ್ಕದ್ದಲ್ಲ. ರಾಯರೇ ಆ ಮಾತಿಗೆ ಉತ್ತರ. ಅಡ್ಡಿಯಾಗಿರುವುದು ನಮ್ಮ ಕಲಿಸುವ ಕ್ರಮ. ಹಾಡಲೆಂದು ಹುಟ್ಟಿದ ಪದ್ಯವನ್ನು ಕಂಠಪಾಠದ ಅಂಕಗಳಿಗಾಗಿ ಒಪ್ಪಿಸುವಂತೆ ಮಾಡಿ, ಸಾರಾಂಶ ಬರೆಯಿಸಿ, ಅದರ ಉಸಿರನ್ನು ನಿಲ್ಲಿಸಿದ್ದೇವೆ. ಕೇರಳದಲ್ಲಿ ಉಳಿದ ಕಾಸರಗೋಡಿನ ಕನ್ನಡ ಮಕ್ಕಳಿಗಂತೂ ಇಂತಹ ಹಾಡು ಅನ್ನದಷ್ಟೇ ಅವಶ್ಯಕ.

ಉಪಾಧ್ಯಾಯ ಬಾಂಧವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ವಾರಕ್ಕೆ ಅರ್ಧ ಗಂಟೆಯನ್ನು ಹಾಡಿಗೆ ಮೀಸಲಿಡಿರಿ, ಆ ಹೊತ್ತಿನಲ್ಲಿ ಪ್ರಶ್ನೆ ಬೇಡ, ಅಂಕ ಬೇಡ. ಕಂಠವು ಇಂಪಾಗಿಲ್ಲವೆಂಬ ಸಂಕೋಚವೂ ಬೇಡ. ಮಕ್ಕಳು ಅದನ್ನು ಎಣಿಸುವುದಿಲ್ಲ. ಸರಕಾರದ ಆಜ್ಞೆಗಾಗಿ ಕಾಯಬೇಕಾದ ಕೆಲಸವೂ ಇದಲ್ಲ. ಬರುವ ಸೋಮವಾರವೇ ಆರಂಭವಾಗಲಿ.