ಹೊಳೆಯ ಮೇಲೆ ಡ್ರೋನ್: ಚಿತ್ರ ಗ್ರಾಮಸಭೆಗೂ ಬರಲಿ

ಹೊಳೆಗಳಲ್ಲಿ ಪ್ಲಾಸ್ಟಿಕ್ ಎಲ್ಲೆಲ್ಲಿ ಸೇರಿದೆ ಎಂದು ಡ್ರೋನ್ ಹಾರಿಸಿ ಗುರುತಿಸುವ ಕೆಲಸ ಹಲವು ದೇಶಗಳಲ್ಲಿ ನಡೆಯುತ್ತಿದೆ. ಅದು ಪರಿಸರ ಇಲಾಖೆಯವರ ಕೆಲಸ, ಹಸು ಕಟ್ಟಿದವರಿಗೆ ಅದರಿಂದೇನು ಎಂದು ನೀವು ಕೇಳಬಹುದು. ಹೊಳೆ ದಂಡೆಯ ಪ್ಲಾಸ್ಟಿಕ್ ಕೊನೆಗೆ ಸೇರುವ ಜಾಗಗಳಲ್ಲಿ ನಿಮ್ಮ ರಾಸಿನ ಹೊಟ್ಟೆಯೂ ಒಂದು. ಆದ್ದರಿಂದ ಇಂಥ ಸಮೀಕ್ಷೆ ನಮ್ಮ ಕಡೆಗೂ ಬರಬೇಕು, ಅದರ ಚಿತ್ರಗಳು ಹೈನುಗಾರ ಮಹಿಳೆಯರ ಕೈಗೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ಮಳೆಗಾಲದ ನೀರು ಹೊತ್ತು ತಂದ ಕವರುಗಳು, ನೀರು ಇಳಿದ ಮೇಲೆ ದಂಡೆಯ ಹುಲ್ಲಿಗೂ ಪೊದೆಗೂ ಸುತ್ತಿಕೊಂಡು ಉಳಿಯುತ್ತವೆ. ಹಸು ಮೇಕೆಯಂತೆ ತುಟಿಯಿಂದ ಆಯ್ದು ತಿನ್ನುವುದಿಲ್ಲ. ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಹೆಚ್ಚು ಅಗಿಯದೆ ನುಂಗುತ್ತದೆ. ಹುಲ್ಲಿನ ಜೊತೆ ಕವರೂ ಒಳಗೆ ಹೋಗುತ್ತದೆ. ಅದು ಮೊದಲ ಹೊಟ್ಟೆಯಲ್ಲಿ ಕರಗುವುದಿಲ್ಲ. ಮುಂದಿನ ದಾರಿ ಕಿರಿದು, ಹಾಗಾಗಿ ದೊಡ್ಡ ಕವರು ಸಗಣಿಯಲ್ಲೂ ಹೊರಬರುವುದಿಲ್ಲ. ತಿಂಗಳುಗಟ್ಟಲೆ ಸೇರಿ, ಹೊಸೆದುಕೊಂಡು ಉಂಡೆಯಾಗುತ್ತದೆ. ಮೇವು ಕಡಿಮೆಯಾಗುವುದು, ಮತ್ತೆ ಮತ್ತೆ ಹೊಟ್ಟೆ ಉಬ್ಬರಿಸುವುದು, ಮೆಲುಕು ತಪ್ಪುವುದು, ಸಗಣಿ ಕಡಿಮೆಯಾಗುವುದು, ಹಾಲು ಇಳಿಯುವುದು ಇದರ ಲಕ್ಷಣಗಳು. ಪ್ಲಾಸ್ಟಿಕ್ ಕರಗಿಸುವ ಔಷಧ ಇಲ್ಲ, ಎಣ್ಣೆ ಕುಡಿಸಿದರೂ ಹೋಗದು. ಗಟ್ಟಿಯಾದ ಮೇಲೆ ಹೊಟ್ಟೆ ಕೊಯ್ದು ತೆಗೆಯುವುದೊಂದೇ ದಾರಿ.

ಡ್ರೋನ್ ಏನು ಮಾಡುತ್ತದೆ? ಹೊಳೆಯ ಉದ್ದಕ್ಕೂ ಹಾರುತ್ತಾ ಸಾಲುಸಾಲಾಗಿ ಫೋಟೊ ತೆಗೆಯುತ್ತದೆ. ಯಾವ ಫೋಟೊ ಯಾವ ಜಾಗದ್ದು ಎಂಬುದು ಜಿಪಿಎಸ್‌ನಲ್ಲಿ ದಾಖಲಾಗುತ್ತದೆ. ಎಲ್ಲವನ್ನೂ ಜೋಡಿಸಿದರೆ ನಕ್ಷೆ ಸಿದ್ಧ. ಬಾಟಲಿ, ಕವರು, ಥರ್ಮೊಕೋಲ್ ಗುರುತಿಸಲು ಕಂಪ್ಯೂಟರಿಗೂ ಕಲಿಸಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಜಪಾನ್ ಸರ್ಕಾರದ ನೆರವಿನಿಂದ ಗಂಗಾ ಮತ್ತು ಮೆಕಾಂಗ್ ನದಿಗಳಲ್ಲಿ ಪ್ಲಾಸ್ಟಿಕ್ ಎಲ್ಲಿಂದ ಬರುತ್ತದೆ ಎಂದು ಹುಡುಕುವ ಯೋಜನೆ ನಡೆಸಿತು. ಮೆಕಾಂಗ್ ದಂಡೆಯ ಊರುಗಳಲ್ಲಿ ಅದಕ್ಕೆ ಡ್ರೋನ್ ಚಿತ್ರಗಳನ್ನು ಬಳಸಲಾಯಿತು.

"ಕಸ ಎಲ್ಲಿದೆ ಎಂದು ನಮಗೇ ಗೊತ್ತಲ್ಲ, ಅದಕ್ಕೆ ಡ್ರೋನ್ ಯಾಕೆ?" ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ. ದಿನವೂ ರಾಸು ಹೊಡೆದುಕೊಂಡು ಹೋಗುವ ಹೆಣ್ಣುಮಗಳಿಗೆ ಗೊತ್ತಿರುವಷ್ಟು ಯಂತ್ರಕ್ಕೆ ಗೊತ್ತಿರುವುದಿಲ್ಲ. ನೀರಿನೊಳಗೆ ಮುಳುಗಿದ್ದು, ಅಂತರಗಂಗೆಯ ಕೆಳಗೆ ಸಿಕ್ಕಿದ್ದು, ಚೂರುಚೂರಾದದ್ದು ಅದಕ್ಕೆ ಕಾಣುವುದೂ ಇಲ್ಲ. ಒಂದು ಕವರನ್ನೂ ಅದು ಎತ್ತುವುದಿಲ್ಲ. ಆದರೆ ಬಾಯಲ್ಲಿ ಹೇಳಿದ್ದನ್ನು "ನೋಡೋಣ" ಎಂದು ತಳ್ಳಿಹಾಕುವುದು ಸುಲಭ. ತಾರೀಖು, ಜಾಗ ಎರಡೂ ಇರುವ ಚಿತ್ರವನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಮೇಲಿನ ಊರಿನ ಕಸ ಕೆಳಗಿನ ಊರಿಗೆ ಬರುತ್ತಿದೆ ಎಂದು ತೋರಿಸಲೂ ಇಂಥ ನಕ್ಷೆ ಬೇಕು.

ಹಾಗೆಂದು ಪ್ರತಿ ಪಂಚಾಯಿತಿಯೂ ಡ್ರೋನ್ ಕೊಳ್ಳಬೇಕಿಲ್ಲ. ತಾಲ್ಲೂಕಿಗೆ ಒಂದಿದ್ದು, ಮಳೆಗಾಲಕ್ಕೆ ಮುಂಚೆ ಒಮ್ಮೆ, ನೀರು ಇಳಿದ ಮೇಲೆ ಒಮ್ಮೆ ಹಾರಿಸಿದರೆ ಸಾಕು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳು. ಅವು ಗೊಬ್ಬರ, ಔಷಧ ಸಿಂಪಡಿಸುವ ಡ್ರೋನ್‌ಗಳು, ನಕ್ಷೆಗೆ ಒಳ್ಳೆಯ ಕ್ಯಾಮೆರಾ ಇರುವ ಬೇರೆಯದು ಬೇಕು. ಆದರೆ ಹಾರಿಸಲು ಕಲಿತ ಮಹಿಳೆಯರಿಗೆ ಈ ಕೆಲಸವನ್ನೂ ಕೂಲಿ ಕೊಟ್ಟು ವಹಿಸಬಹುದು. ಚಿತ್ರ ಮಾತ್ರ ಕಚೇರಿಯ ಕಂಪ್ಯೂಟರಿನಲ್ಲೇ ಉಳಿಯಬಾರದು. ಗ್ರಾಮಸಭೆಯಲ್ಲಿ ತೋರಿಸಬೇಕು, ನಕ್ಷೆಯ ಪ್ರತಿಯನ್ನು ಡೇರಿಯ ಗೋಡೆಗೆ ಅಂಟಿಸಬೇಕು. ಪಂಚಾಯಿತಿಯ ಕಸದ ಗಾಡಿ ಮೊದಲು ಎಲ್ಲಿಗೆ ಹೋಗಬೇಕು, ರಾಸುಗಳನ್ನು ಎಲ್ಲಿ ಮೇಯಿಸಬಾರದು ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ.

ಆ ನಕ್ಷೆಯಲ್ಲಿ ನಮ್ಮದೇ ಪ್ಲಾಸ್ಟಿಕ್ ಕೂಡ ಕಾಣುತ್ತದೆ ಎಂಬುದನ್ನೂ ಒಪ್ಪಿಕೊಳ್ಳೋಣ. ಪಶು ಆಹಾರದ ಚೀಲ, ರಸಮೇವಿನ ಹೊದಿಕೆ, ಕೃತಕ ಗರ್ಭಧಾರಣೆಗೆ ಬಳಸಿದ ಕೈಗವಸು, ಪೇಟೆಯಲ್ಲಿ ಮಾರುವ ಹಾಲಿನ ಪ್ಯಾಕೆಟ್ ಎಲ್ಲವೂ ಪ್ಲಾಸ್ಟಿಕ್ಕೇ. ಖಾಲಿ ಪ್ಯಾಕೆಟ್ಟುಗಳನ್ನು ವಾಪಸು ಪಡೆಯುವ ವ್ಯವಸ್ಥೆಯನ್ನು ಒಕ್ಕೂಟವೇ ಬಲಪಡಿಸಬೇಕು. ಬಳಸಿದ ಕೈಗವಸು, ಸಿರಿಂಜುಗಳನ್ನು ಕೊಟ್ಟಿಗೆಯಲ್ಲಿ ಬಿಡದೆ ಚಿಕಿತ್ಸೆಗೆ ಬಂದವರೇ ವಾಪಸು ಒಯ್ಯಬೇಕು. ಮರೆತರೆ ನೀವೇ ಕರೆದು ಕೊಡಿ.

ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ನಿಷೇಧವಿದೆ. ಆದರೂ ಹೊಳೆಗೆ ಕವರು ಬರುತ್ತಲೇ ಇದೆ. ಕಾನೂನು ಇದೆ, ಕೇಳುವವರು ಬೇಕು.

ಡ್ರೋನ್ ಬರುವವರೆಗೆ ಸುಮ್ಮನೆ ಕೂರಬೇಡಿ. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಕವರಿಗೆ ಕಟ್ಟಿ ಎಸೆಯಬೇಡಿ, ಆ ವಾಸನೆಗೇ ರಾಸು ಕವರನ್ನು ನುಂಗುತ್ತದೆ. ಖನಿಜ ಮಿಶ್ರಣ ತಪ್ಪದೆ ಕೊಡಿ, ಅದರ ಕೊರತೆಯಿದ್ದರೆ ಹಸು ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಹೊಳೆ ದಂಡೆಯ ಕಸದ ಜಾಗಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಮುಂದಿನ ಗ್ರಾಮಸಭೆಯಲ್ಲಿ ಸಂಘದ ಹೆಸರಿನಲ್ಲಿ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ಡೇರಿಗೆ ಹಾಲು ಹಾಕುವವರೆಲ್ಲ ಸೇರಿ ಹೋಗಿ.